ಅಧಿಕಾರ ಯಾರದು?

ಕಳ್ಳಕವಟಗಿ ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಊರು. ಇಂಥ ಊರುಗಳಲ್ಲಿ ನಾವು ಒಂದು ಮಾತು ಕೇಳುತ್ತಲೇ ಇರುತ್ತೇವೆ. ‘ಎಲ್ಲಾ ದೊಡ್ಡವರ ಕೈಯಾಗ ಐತಿ. ನಮ್ದೇನು ನಡೀತೈತಿ?’ ಈ ಮಾತು ಖರೇ ಏನು? ಬನ್ನಿ ಅಕ್ಕ-ತಂಗಿಯರೇ, ವಿಚಾರ ಮಾಡೋಣ.

ಬಲ ಬೇರೆ, ಅಧಿಕಾರ ಬೇರೆ

ಒಬ್ಬ ಬಡಿಗೆ ಹಿಡಿದು ದಾರಿಗೆ ಅಡ್ಡ ನಿಲ್ಲುತ್ತಾನೆ. ‘ರೊಕ್ಕ ಕೊಡು’ ಅನ್ನುತ್ತಾನೆ. ನಾವು ಅಂಜಿ ಕೊಡುತ್ತೇವೆ. ಇದು ಬಲ.

ಪಂಚಾಯ್ತಿಯವರು ಮನೆ ತೆರಿಗೆ ಕೇಳುತ್ತಾರೆ. ನಾವು ಕೊಟ್ಟು ಪಾವತಿ ಪಡೆಯುತ್ತೇವೆ. ಕೇಳುವ ಹಕ್ಕು ಅವರಿಗೆ ಇದೆ ಎಂದು ಒಪ್ಪಿದ್ದೇವೆ. ಇದು ಅಧಿಕಾರ. ಜನ ಒಪ್ಪಿದ ಬಲವೇ ಅಧಿಕಾರ.

ಜನ ಯಾಕೆ ಒಪ್ಪುತ್ತಾರೆ?

ಜರ್ಮನಿಯ ಪಂಡಿತ ಮ್ಯಾಕ್ಸ್ ವೇಬರ್ ಇದಕ್ಕೆ ಮೂರು ಕಾರಣ ಹೇಳಿದರು.

ಒಂದು, ರೂಢಿ. ಅಪ್ಪನ ಗಾದಿ ಮಗನಿಗೆ. ವಿಜಯಪುರದಲ್ಲಿ ಆದಿಲಶಾಹಿ ಸುಲ್ತಾನರು ಸುಮಾರು 200 ವರ್ಷ ಹೀಗೆ ಆಳಿದರು. 1686ರಲ್ಲಿ ಔರಂಗಜೇಬ ಊರು ಗೆದ್ದ. ದೊರೆ ಬದಲಾದ. ‘ನಿಮ್ಮನ್ನು ಯಾರು ಆಳಬೇಕು?’ ಎಂದು ಜನರನ್ನು ಯಾರೂ ಕೇಳಲಿಲ್ಲ.

ಎರಡು, ವ್ಯಕ್ತಿಯ ಗುಣ. ಬಸವಣ್ಣನವರು ಬಿಜ್ಜಳ ರಾಜನ ಮಂತ್ರಿ ಆಗಿದ್ದರು. ಆದರೆ ಜನ ನಂಬಿದ್ದು ಅವರ ನಡೆ-ನುಡಿಯನ್ನು.

ಮೂರು, ಕಾನೂನು. ಇಲ್ಲಿ ಅಧಿಕಾರ ಕುರ್ಚಿಗೆ ಸೇರಿದ್ದು. ಓಟು ಹಾಕಿ ನಾವೇ ಆರಿಸುತ್ತೇವೆ. ಐದು ವರ್ಷದ ಅವಧಿ ಮುಗಿದರೆ ಇಳಿಯಬೇಕು. ಈ ಅಧಿಕಾರ ನಡೆಸುವ ವ್ಯವಸ್ಥೆಯೇ ಸರಕಾರ. ದಿಲ್ಲಿಯಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು. ನಮ್ಮ ಹಳ್ಳಿಗಳಿಗೆ ಗ್ರಾಮ ಪಂಚಾಯ್ತಿ.

ಹೆಣ್ಣುಮಕ್ಕಳ ಕುರ್ಚಿ

ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲೇ ಹೆಣ್ಣುಮಕ್ಕಳಿಗೂ ಓಟು ಇತ್ತು. ಆದರೆ ಪಂಚಾಯ್ತಿಯ ಕುರ್ಚಿ ಬಹಳ ದಿನ ಗಂಡಸರದೇ ಆಗಿತ್ತು. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ನಾಲ್ಕರಲ್ಲಿ ಒಂದು ಸ್ಥಾನ ಮಹಿಳೆಯರಿಗೆ ಸಿಕ್ಕಿತು. 1993ರಲ್ಲಿ ಅದು ಮೂರರಲ್ಲಿ ಒಂದಾಯಿತು. 2010ರಲ್ಲಿ ಕಾನೂನು ತಿದ್ದಿ ಅರ್ಧ ಮಾಡಿದರು.

ಒಬ್ಬ ಅಕ್ಕ ಆರಿಸಿ ಬಂದು ಅಧ್ಯಕ್ಷೆ ಆದಳು ಅನ್ನೋಣ. ಆಕೆಯ ಗಂಡ ಸಭೆಗೆ ಹೋಗುತ್ತಾನೆ. ಅವನೇ ಮಾತಾಡುತ್ತಾನೆ. ಕಾಗದ ಮನೆಗೆ ಬರುತ್ತವೆ. ‘ಇಲ್ಲೊಂದು ಸಹಿ ಹಾಕು’ ಅನ್ನುತ್ತಾನೆ. ಈಗ ಹೇಳಿ, ಅಧಿಕಾರ ಯಾರದು? ಕಾನೂನಿನ ಪ್ರಕಾರ ಅಕ್ಕನದೇ. ಗಂಡನಿಗೆ ಬಲ ಇರಬಹುದು, ಅಧಿಕಾರ ಇಲ್ಲ. ಲೆಕ್ಕ ತಪ್ಪಿದರೆ ಜವಾಬು ಕೊಡಬೇಕಾದವಳೂ ಅಕ್ಕನೇ, ಯಾಕಂದ್ರೆ ಸಹಿ ಆಕೆಯದು.

ಹಾಗಾದರೆ ಏನು ಮಾಡಬೇಕು? ಸಭೆಗೆ ತಾನೇ ಹೋಗಬೇಕು. ಓದದೆ ಸಹಿ ಹಾಕಬಾರದು. ‘ಓದಿ ನೋಡ್ತೀನಿ, ನಾಳೆ ಕೊಡ್ತೀನಿ’ ಅನ್ನಬೇಕು. ನಾವು ಅಕ್ಷರ ಕಲಿತದ್ದು ಹೆಸರು ಬರೆಯಲು ಅಷ್ಟೇ ಅಲ್ಲ.

ಅಧ್ಯಕ್ಷೆ ಒಬ್ಬಳೇ ಆದರೆ ಅಂಜಿಕೆ. ಹತ್ತು ಮಂದಿ ಜೊತೆಗಿದ್ದರೆ ಧೈರ್ಯ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಓಟಿನ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ನೀರು ಯಾಕೆ ಬರಲಿಲ್ಲ, ರೊಕ್ಕ ಎಲ್ಲಿ ಖರ್ಚಾಯಿತು ಎಂದು ನಾವು ಕೇಳಬಹುದು. ಒಪ್ಪಿಗೆ ಕೊಟ್ಟವರು ನಾವು. ಲೆಕ್ಕ ಕೇಳುವವರೂ ನಾವೇ.

ಓದಿರಿ, ಮಾತಾಡಿರಿ

1. ಬಲಕ್ಕೂ ಅಧಿಕಾರಕ್ಕೂ ಏನು ಫರಕು?
2. ನಿಮ್ಮ ಪಂಚಾಯ್ತಿಯಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳು ಸದಸ್ಯರು? ಸಭೆಯಲ್ಲಿ ಮಾತಾಡುವವರು ಎಷ್ಟು ಮಂದಿ?
3. ಮುಂದಿನ ಗ್ರಾಮಸಭೆಯಲ್ಲಿ ನೀವು ಕೇಳುವ ಒಂದು ಪ್ರಶ್ನೆ ಬರೆಯಿರಿ.