ಮುಖವಾಡ ಆರುವ ತನಕ ತಾಳು, ಮರಿ

ಹೋದ ವಾರ ನೀನು ಬಂದಾಗ ನಿನ್ನ ಟೀ ಶರ್ಟಿನ ಮೇಲೆ ಬ್ಯಾಟ್‌ಮ್ಯಾನ್ ಕಥೆಯ ಜೋಕರ್ ಹಲ್ಲು ಕಿರಿದುಕೊಂಡು ನಿಂತಿದ್ದ. "ಇದೇನೋ, ದೃಷ್ಟಿಬೊಂಬೆ ಹಾಕ್ಕೊಂಡು ಬಂದಿದ್ದೀಯ" ಎಂದು ನಿನ್ನ ಅಜ್ಜಿ ರೇಗಿಸಿದಳು. ಬೇರೆ ದಿನವಾಗಿದ್ದರೆ ನೀನೇ ಮೊದಲು ನಗುತ್ತಿದ್ದೆ. ಅವತ್ತು ನಗಲಿಲ್ಲ. ಊಟಕ್ಕೆ ಕೂತು ಸಾರಿಗೆ ಉಪ್ಪಿಲ್ಲ ಎಂದೆ. ಫೋನನ್ನು ಬೋರಲು ಹಾಕಿದೆ. ಕೆದಕಿ ಕೆದಕಿ ಕೇಳಿದ ಮೇಲೆ ವಿಷಯ ಹೊರಗೆ ಬಂತು. ನಿನ್ನ ಪ್ರಾಜೆಕ್ಟಿನ ಲೆಕ್ಕದಲ್ಲಿ ಗೆಳೆಯನೊಬ್ಬ ತಪ್ಪು ತೋರಿಸಿದ, ಅದೂ ನಾಲ್ಕು ಜನರ ಎದುರಿಗೆ. ಅಂದಿನಿಂದ ಅವನ ಜೊತೆ ಮಾತಿಲ್ಲ. 16 ದಿನ ಆಯಿತು ಎಂದೆ. ದಿನ ಎಣಿಸಿಟ್ಟಿದ್ದೀಯಲ್ಲ, ಅಲ್ಲೇ ನನಗೆ ಎಲ್ಲ ಅರ್ಥವಾಯಿತು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಎಸೆದು ಹೋದೆ. "ತಾತ, ಹೀರೋಗಳು ಸಪ್ಪೆ. ವಿಲನ್‌ಗಳೇ ಚೆಂದ." ನಿನಗೆ ಬಸ್ಸಿಗೆ ಹೊತ್ತಾಗಿತ್ತು, ನನಗೆ ಮಾತು ಹೊಳೆದಿರಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ಅರ್ಧ ಓದಿ ಮಡಿಸಿಡಬೇಡ, ಪೂರ್ತಿ ಓದು.

ನಿನ್ನ ಮಾತು ಪೂರಾ ತಪ್ಪೆಂದು ನಾನು ಹೇಳುವುದಿಲ್ಲ. ಈ ಕಾಮಿಕ್ಸ್ ಪುಸ್ತಕಗಳು ನನಗೂ ಹಳೆಯ ನೆಂಟರೇ. ಪ್ರೆಸ್ಸಿನಲ್ಲಿದ್ದ ಕಾಲದಲ್ಲಿ ಭಾನುವಾರ ಬಂತೆಂದರೆ ಅವೆನ್ಯೂ ರಸ್ತೆಯ ಫುಟ್‌ಪಾತಿಗೆ ಹೋಗುತ್ತಿದ್ದೆ. ರಟ್ಟು ಹರಿದ, ಮೊದಲೆರಡು ಹಾಳೆ ಇಲ್ಲದ ಅಮೆರಿಕದ ಕಾಮಿಕ್ಸು ಅಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿತ್ತು. ಕಥೆಗಿಂತ ಮೊದಲು ನನ್ನ ಕಣ್ಣು ಹೋಗುತ್ತಿದ್ದದ್ದು ಅಚ್ಚಿನ ಮೇಲೆ. ಆ ಪುಸ್ತಕಗಳಿಗೆ ಇದ್ದದ್ದು ನಾಲ್ಕೇ ಇಂಕು: ನೀಲಿ, ಕೆಂಪು, ಹಳದಿ, ಕಪ್ಪು. ಕಾಗದವೂ ಅಗ್ಗದ್ದು, ದಿನಪತ್ರಿಕೆಯ ಕಾಗದ. ಭೂತಗನ್ನಡಿ ಹಿಡಿದು ಜೋಕರನ ಹಸಿರು ಕೂದಲನ್ನು ನೋಡು. ಹಸಿರು ಇಂಕು ಅಂತ ಅಲ್ಲಿ ಒಂದು ತೊಟ್ಟೂ ಇಲ್ಲ. ನೀಲಿಯ ಮೇಲೆ ಹಳದಿ ಕೂತಿರುತ್ತದೆ. ಅವನ ನೇರಳೆ ಕೋಟಿನಲ್ಲಿ ನೀಲಿಯ ಜೊತೆ ಕೆಂಪು. ಅದೇ ನೀಲಿ ಸೂಪರ್‌ಮ್ಯಾನನ ಅಂಗಿಯಲ್ಲಿದೆ, ಅದೇ ಹಳದಿ ಅವನ ಎದೆಯ ಲಾಂಛನದಲ್ಲಿದೆ, ಅದೇ ಕೆಂಪು ಅವನ ಬೆನ್ನ ಮೇಲೆ ಹಾರುವ ಬಟ್ಟೆಯಲ್ಲಿದೆ. ಒಳ್ಳೆಯವನಿಗೆ ಒಂದು ಡಬ್ಬ, ಕೆಟ್ಟವನಿಗೆ ಇನ್ನೊಂದು ಡಬ್ಬ ಎಂದು ಯಾವ ಪ್ರೆಸ್ಸಿನಲ್ಲೂ ಇಂಕು ತರಿಸುತ್ತಿರಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಅಚ್ಚಿನ ಕೆಲಸದವರಿಗೆ ಇದು ಬಹಳ ಇಷ್ಟವಾಗುವ ಸಂಗತಿ. 1962ರ ತನ್ನ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನು. ಬೂದು ಹದವಾಗಿ ಬರಲೇ ಇಲ್ಲ, ಒಂದೊಂದು ಕಡೆ ಒಂದೊಂದು ಥರ ಕಾಣಿಸಿತು. ಎರಡನೇ ಸಂಚಿಕೆಗೆ ಅವನನ್ನು ಹಸಿರು ಮಾಡಿದರು. ಲೋಕವೆಲ್ಲ ಬಲ್ಲ ಆ ಹಸಿರು, ಮಷಿನ್ ಕೊಟ್ಟ ಕಾಟದಿಂದ ಬಂದ ಹಸಿರು.

ಇಂಕಷ್ಟೇ ಅಲ್ಲ, ಹೆಸರೂ ಹಾಗೆಯೇ. ನಿನಗೆ ಗೊತ್ತಿರಲಿಕ್ಕಿಲ್ಲ, ಸೂಪರ್‌ಮ್ಯಾನ್ ಎಂಬ ಹೆಸರು ಮೊದಲು ಅಂಟಿದ್ದು ಒಬ್ಬ ವಿಲನ್ನಿಗೆ. ಕ್ಲೀವ್‌ಲ್ಯಾಂಡಿನ ಹೈಸ್ಕೂಲಿನಲ್ಲಿ ಓದುತ್ತಿದ್ದ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಬರೆಯುವವನು, ಜೋ ಶುಸ್ಟರ್ ಚಿತ್ರ ಬಿಡಿಸುವವನು. ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬದವರು. 1933ರಲ್ಲಿ ತಾವೇ ಹೊರಡಿಸುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ ಒಂದು ಕಥೆ ಹಾಕಿದರು. ಗತಿಯಿಲ್ಲದವನೊಬ್ಬನಿಗೆ ರಾಸಾಯನಿಕವೊಂದರಿಂದ ಬೇರೆಯವರ ಮನಸ್ಸು ಓದುವ ಶಕ್ತಿ ಬರುತ್ತದೆ. ಅವನು ಅದನ್ನು ಲೋಕವನ್ನು ಕಾಲಡಿಗೆ ಹಾಕಿಕೊಳ್ಳಲು ಬಳಸುತ್ತಾನೆ. ಬೋಳುತಲೆಯ ಆ ಮನುಷ್ಯನೇ ಮೊದಲ ಸೂಪರ್‌ಮ್ಯಾನ್. ಹುಡುಗರು ಅಲ್ಲಿಗೆ ಬಿಡಲಿಲ್ಲ. ಹರಿದರು, ಬರೆದರು, ಮತ್ತೆ ಹರಿದರು. ಐದು ವರ್ಷ ಕಳೆದು 1938ರಲ್ಲಿ ಆಕ್ಷನ್ ಕಾಮಿಕ್ಸಿನ ಮೊದಲ ಸಂಚಿಕೆ ಬಂತು. ಬೆಲೆ 10 ಸೆಂಟ್. ಅದರಲ್ಲಿ ಅದೇ ಹೆಸರಿನವನು ಹೆಂಡತಿಗೆ ಹೊಡೆಯುವ ಗಂಡನ ಕೈ ಹಿಡಿದು ನಿಲ್ಲಿಸುತ್ತಾನೆ.

ಈಗ ನಿನ್ನ ಗೋಡೆಯ ಮೇಲೆ ಅಂಟಿಸಿರುವ ಇನ್ನೊಬ್ಬನ ವಿಷಯಕ್ಕೆ ಬರುತ್ತೇನೆ. ಉಕ್ಕಿನ ಮುಖವಾಡ, ಹಸಿರು ಮುಸುಕು, ಡಾಕ್ಟರ್ ಡೂಮ್. ಅವನ ಚಿತ್ರ ನೋಡಿ ನೀನು ಮೆಚ್ಚಿದ್ದೀಯ. ಅವನ ಕಥೆಯನ್ನು ನಿಧಾನವಾಗಿ ಓದಿದ್ದೀಯಾ?

1962ರ ಜುಲೈ ಸಂಚಿಕೆಯಲ್ಲಿ ಅವನು ಮೊದಲು ಬಂದದ್ದು. ಸ್ಟ್ಯಾನ್ ಲೀ ಮತ್ತು ಜಾಕ್ ಕರ್ಬಿ ಕೂಡಿ ಮಾಡಿದ ಪಾತ್ರ. ಬಾಲ್ಯದ ಕಥೆ ಬಂದದ್ದು 1964ರ ವಾರ್ಷಿಕ ಸಂಚಿಕೆಯಲ್ಲಿ. ಲಟ್ವೇರಿಯ ಎಂಬ ಕಲ್ಪನೆಯ ನಾಡು. ಅಲೆಮಾರಿಗಳ ಗುಂಪಿನ ಕೂಸು ಈ ವಿಕ್ಟರ್. ತಾಯಿ ಇಲ್ಲ. ತಂದೆ ಔಷಧಿ ಬಲ್ಲವನು. ಆ ನಾಡಿನ ಒಡೆಯನ ಹೆಂಡತಿಯನ್ನು ಉಳಿಸಲು ಅವನ ಕೈಲಾಗುವುದಿಲ್ಲ. ಪ್ರಾಣಭಯದಿಂದ ಮಗನನ್ನು ಕಟ್ಟಿಕೊಂಡು ಕೊರೆಯುವ ಚಳಿಯಲ್ಲಿ ಬೆಟ್ಟಕ್ಕೆ ಓಡುತ್ತಾನೆ. ಮೈಮೇಲಿದ್ದದ್ದನ್ನು ಮಗನಿಗೆ ಹೊದಿಸಿ ತಾನು ಚಳಿಗೆ ಸಾಯುತ್ತಾನೆ. ಈ ಭಾಗ ಓದಿದಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಆ ಹುಡುಗನ ಬುದ್ಧಿ ನೋಡಿ ಅಮೆರಿಕದ ವಿಶ್ವವಿದ್ಯಾಲಯವೊಂದು ಕರೆದು ಸೀಟು ಕೊಡುತ್ತದೆ. ಅಲ್ಲಿ ರೀಡ್ ರಿಚರ್ಡ್ಸ್ ಎಂಬ ಸಹಪಾಠಿ ಒಂದು ದಿನ ಇವನ ಕೋಣೆಯಲ್ಲಿದ್ದ ಹಾಳೆ ನೋಡಿ, ಲೆಕ್ಕ ಕೊಂಚ ತಪ್ಪಿದೆಯಲ್ಲ ಎನ್ನುತ್ತಾನೆ. ಬಾ ಕೂತ್ಕೋ, ಎಲ್ಲಿ ತಪ್ಪಿದೆ ತೋರಿಸು ಎಂದನೇ ಡೂಮ್? ಆಚೆ ಅಟ್ಟಿದ. ಅದೇ ಲೆಕ್ಕದ ಮೇಲೆ ಕಟ್ಟಿದ ಯಂತ್ರ ಚಾಲೂ ಮಾಡಿದ. ಅದು ಮುಖದ ಮೇಲೇ ಸಿಡಿಯಿತು. ಕಾಲೇಜಿನಿಂದ ಹೊರಗೆ ಹಾಕಿದರು. ಅಲೆದಲೆದು ಟಿಬೆಟ್ಟಿನ ಸನ್ಯಾಸಿಗಳ ಬಳಿ ಸೇರಿ ಉಕ್ಕಿನ ಕವಚ ಮಾಡಿಸಿಕೊಂಡ. ಮುಖವಾಡ ಕುಲುಮೆಯಿಂದ ಆಗಷ್ಟೇ ಹೊರಬಂದಿತ್ತು, ಪೂರ್ತಿ ಆರಿರಲಿಲ್ಲ. ಇವನಿಗೆ ತಡೆಯಲಾಗಲಿಲ್ಲ. ಬಿಸಿಬಿಸಿಯಾಗಿದ್ದಂತೆಯೇ ಮುಖಕ್ಕೆ ಒತ್ತಿಕೊಂಡ. ಸ್ಫೋಟದಲ್ಲಿ ಅವನಿಗೆ ಆದದ್ದು ಒಂದು ಸಣ್ಣ ಗಾಯ ಮಾತ್ರ, ಉಳಿದದ್ದೆಲ್ಲ ಅವನ ಅಹಂಕಾರ ಎಂಬ ಎಣಿಕೆ ಚಿತ್ರ ಬರೆದ ಕರ್ಬಿಗೆ ಇತ್ತು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ನಮ್ಮಮ್ಮ ಹೇಳುತ್ತಿದ್ದಳು. ಆ ಗಾದೆಗೆ ಇಷ್ಟು ಸರಿಯಾದ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬದುಕಿಡೀ ಅವನು ಹೇಳಿಕೊಂಡು ತಿರುಗಿದ್ದು ಒಂದೇ ಮಾತು: ಎಲ್ಲ ಆ ರೀಡ್ ಮಾಡಿದ್ದು.

ಮರು ತಿಂಗಳೇ, 1962ರ ಆಗಸ್ಟ್ ಸಂಚಿಕೆಯಲ್ಲಿ, ಅದೇ ಸ್ಟ್ಯಾನ್ ಲೀ ಇನ್ನೊಬ್ಬ ಹುಡುಗನನ್ನು ತಂದ. ಈ ಸಲ ಚಿತ್ರ ಸ್ಟೀವ್ ಡಿಟ್ಕೊನದು. ಪೀಟರ್ ಪಾರ್ಕರ್. ಇವನೂ ತಬ್ಬಲಿ, ಇವನೂ ವಿಜ್ಞಾನದಲ್ಲಿ ಚುರುಕು, ಇವನನ್ನೂ ಕಾಲೆಳೆಯುವವರು ಸುತ್ತ ತುಂಬಾ ಜನ. ಜೇಡ ಕಚ್ಚಿ ಶಕ್ತಿ ಬಂದಾಗ ಇವನೇನೂ ಸಾಧುವಾಗಲಿಲ್ಲ. ವೇಷ ಕಟ್ಟಿ ಟೀವಿಯಲ್ಲಿ ಕುಣಿದು ದುಡ್ಡು ಮಾಡಲು ಹೊರಟ. ಎದುರಿಗೇ ಕಳ್ಳ ಓಡಿಹೋದರೂ ನನಗೇಕೆ ಎಂದು ಸುಮ್ಮನೆ ನಿಂತ. ಆಮೇಲೆ ಅದೇ ಕಳ್ಳ ಇವನನ್ನು ಸಾಕಿದ ದೊಡ್ಡಪ್ಪನನ್ನು ಕೊಂದ. ಹಿಡಿದು ಮುಖ ನೋಡಿದಾಗ ಪೀಟರನಿಗೆ ಗುರುತು ಸಿಗುತ್ತದೆ. ಆ ಕ್ಷಣದಲ್ಲಿ ಪೊಲೀಸರನ್ನೋ ವಿಧಿಯನ್ನೋ ಬೈಯಲು ಅವನಿಗೆ ಬೇಕಾದಷ್ಟು ದಾರಿ ಇತ್ತು. ತಪ್ಪು ನನ್ನದೇ ಎಂದುಕೊಂಡು ತಲೆ ತಗ್ಗಿಸಿಕೊಂಡು ನಡೆದ. ಮರಿ, ಇದು ನಿನಗೆ ಸಪ್ಪೆಯಾಗಿ ಕಾಣುತ್ತದೆಯೇ? ಆ ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡು. ನಾಲಿಗೆ ಎಷ್ಟು ಭಾರವಾಗುತ್ತದೆ ಎಂದು ನನಗೆ ಗೊತ್ತು.

ಹೇಗೆ ಗೊತ್ತು ಎಂದರೆ, ಕೇಳು. ನಿನ್ನಪ್ಪ ಹುಟ್ಟುವ ಮುಂಚಿನ ಮಾತು. ಪ್ರೆಸ್ಸಿನಲ್ಲಿ ಕರಡು ತಿದ್ದುವುದು ನನ್ನ ಜವಾಬ್ದಾರಿ. ಮದುವೆ ಕಾಲ, ಲಗ್ನಪತ್ರಿಕೆಗಳ ರಾಶಿ. ಮೊಳೆ ಜೋಡಿಸಲು ಹೊಸದಾಗಿ ಸೇರಿದ ಹುಡುಗನೊಬ್ಬನಿದ್ದ, ಹದಿನೈದೋ ಹದಿನಾರೋ ಇರಬೇಕು. ನಾನು ಸಹಿ ಹಾಕಿ ಕೊಟ್ಟ ಕರಡನ್ನು ನೋಡಿ, ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, "ಅಣ್ಣಾ, ಹನ್ನೆರಡನೇ ತಾರೀಖು ಸೋಮವಾರ ಅಲ್ವಾ? ಇಲ್ಲಿ ಭಾನುವಾರ ಅಂತಿದೆ" ಎಂದ. ಮಷಿನ್ನಿನವನು ಕೇಳಿಸಿಕೊಂಡ, ಕಟಿಂಗಿನವನು ಕೇಳಿಸಿಕೊಂಡ. ನನಗೆ ಮೈಯೆಲ್ಲ ಉರಿಯಿತು. "ನಿನ್ನೆ ಬಂದವನು ನನಗೆ ಹೇಳಿಕೊಡ್ತೀಯಾ? ಹೋಗಿ ಮೊಳೆ ಜೋಡಿಸು" ಎಂದೆ. ಕ್ಯಾಲೆಂಡರು ನನ್ನ ತಲೆಯ ಮೇಲೇ ನೇತಾಡುತ್ತಿತ್ತು. ಕತ್ತೆತ್ತಿದರೆ ಸಾಕಿತ್ತು. ಎತ್ತಲಿಲ್ಲ.

800 ಪತ್ರಿಕೆ ಅಚ್ಚಾಯಿತು. ಮಾರನೇ ದಿನ ಹೆಣ್ಣಿನ ತಂದೆ ಬಂದು ಒಂದು ಪತ್ರಿಕೆಯನ್ನು ಮೇಜಿನ ಮೇಲಿಟ್ಟು ನಿಂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರಿಶಿನ ಹಚ್ಚಿದ ಆ ಮೂಲೆಯನ್ನು ಬೆರಳಿನಿಂದ ಸವರುತ್ತಾ, "ನಮ್ಮ ಕಡೆ ಮೂವತ್ತು ಮನೆಗೆ ಆಗಲೇ ಕೊಟ್ಟಾಯಿತು" ಎಂದರು. ಮಾಲೀಕರ ಮುಂದೆ ನಾನು ಏನೆಂದೆ ಗೊತ್ತೇ? ಹುಡುಗ ಮೊಳೆ ತಪ್ಪಾಗಿ ಜೋಡಿಸಿದ ಎಂದುಬಿಟ್ಟೆ. ಹುಡುಗ ನನ್ನ ಮುಖ ನೋಡಿದ, ಮಾತಾಡಲಿಲ್ಲ. ರಾತ್ರಿ ಇಬ್ಬರೇ ಕೂತು ಮತ್ತೆ ಅಚ್ಚು ಹಾಕಿದೆವು. ಆ ಸಾಲಿನ ಮೊಳೆ ತೆಗೆದು ಹೊಸದು ಕೂರಿಸಿ, ಇಂಕು ಹಚ್ಚಿ, ಮೊದಲ ಪ್ರತಿ ತೆಗೆದು ನನ್ನ ಕೈಗೆ ಕೊಟ್ಟು, "ಅಣ್ಣಾ, ಒಂದ್ಸಲ ನೋಡ್ಬಿಡಿ" ಎಂದ. ಅಷ್ಟೇ. ಬೆಳಗಾದ ಮೇಲೆ ಮಾಲೀಕರ ಬಳಿ ಹೋಗಿ ತಪ್ಪು ನನ್ನದು ಎಂದೆ. ಆ ಮೇಜಿನಿಂದ ಈ ಮೇಜಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನಡೆಯಲು ನನಗೆ ಇಡೀ ರಾತ್ರಿ ಬೇಕಾಯಿತು.

ಇದನ್ನು ಓದಿ, ಹಾಗಾದರೆ ಯಾರು ಏನೆಂದರೂ ನುಂಗಿಕೊಂಡಿರಬೇಕಾ ತಾತ ಎಂದು ನೀನು ಕೇಳುತ್ತೀಯ. ಕೇಳಬೇಕಾದ್ದೇ. ಸೀಗಲ್ ಮತ್ತು ಶುಸ್ಟರರ ಮುಂದಿನ ಕಥೆ ನೋಡು. ಸೂಪರ್‌ಮ್ಯಾನನ ಹಕ್ಕೆಲ್ಲ ಬರೆದುಕೊಟ್ಟದ್ದು 130 ಡಾಲರಿಗೆ. ಕಂಪನಿ ಕೋಟಿಗಟ್ಟಲೆ ಗಳಿಸಿತು. ಇವರ ಹೆಸರೂ ಪುಸ್ತಕದಿಂದ ಮಾಯವಾಯಿತು. ಶುಸ್ಟರನ ಕಣ್ಣು ಮಂಜಾಯಿತು, ಬಡತನ ಮುತ್ತಿತು. ಆ ಸಿಟ್ಟು ನ್ಯಾಯವಾದ ಸಿಟ್ಟು. ಅವರು ಕೋರ್ಟಿಗೆ ಹೋದರು, ಪತ್ರಿಕೆಗಳ ಮುಂದೆ ಹೇಳಿಕೊಂಡರು, ಬಿಡಲಿಲ್ಲ. ಕೊನೆಗೆ 1975ರಲ್ಲಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಕೊಡಲು, ಹೆಸರು ಮತ್ತೆ ಹಾಕಲು ಕಂಪನಿ ಒಪ್ಪಿತು. ನಿನಗೂ ಅಂಥ ಅನ್ಯಾಯವಾದರೆ ಮೊದಲು ವಕೀಲರ ಬಳಿ ನಿನ್ನ ಜೊತೆ ಬರುವವನು ನಾನೇ.

ಆದರೆ ಅದೇ ಸೀಗಲ್, ಹೊಟ್ಟೆಪಾಡಿಗೆ ಮತ್ತೆ ಅದೇ ಕಂಪನಿಗೆ ಹೆಸರಿಲ್ಲದೆ ಬರೆಯುತ್ತಿದ್ದಾಗ, 1960ರಲ್ಲಿ ಒಂದು ಕಥೆ ಬರೆದ. ಲೆಕ್ಸ್ ಲೂಥರ್ ಮತ್ತು ಹುಡುಗ ಸೂಪರ್‌ಮ್ಯಾನ್ ಒಂದೇ ಊರಿನ ಗೆಳೆಯರು. ಲೂಥರನ ಪ್ರಯೋಗಶಾಲೆಗೆ ಬೆಂಕಿ ಬೀಳುತ್ತದೆ. ಗೆಳೆಯ ಜೋರಾಗಿ ಊದಿ ಬೆಂಕಿ ಆರಿಸುತ್ತಾನೆ, ಪ್ರಾಣ ಉಳಿಸುತ್ತಾನೆ. ರಾಸಾಯನಿಕದ ಹೊಗೆಗೆ ಲೂಥರನ ತಲೆಗೂದಲು ಉದುರಿಹೋಗುತ್ತದೆ. ಗೆಳೆಯ ಹೊಟ್ಟೆಕಿಚ್ಚಿನಿಂದಲೇ ಹೀಗೆ ಮಾಡಿದ ಎಂದು ಲೂಥರ್ ಆಣೆಯಿಟ್ಟು ಹಗೆ ಹಿಡಿಯುತ್ತಾನೆ. ಉಳಿದ ಜೀವ ಲೆಕ್ಕಕ್ಕಿಲ್ಲ, ಉದುರಿದ ಕೂದಲು ಲೆಕ್ಕಕ್ಕೆ. ನಿಜವಾದ ಅನ್ಯಾಯ ಹೇಗಿರುತ್ತದೆ ಎಂದು ಚೆನ್ನಾಗಿ ಉಂಡಿದ್ದವನು ಸೀಗಲ್. ಅದಕ್ಕೇ ಹುಸಿ ಹಗೆಯನ್ನು ಅಷ್ಟು ಸ್ಪಷ್ಟವಾಗಿ ಬರೆದ ಎಂದು ನನಗೆ ಅನ್ನಿಸುತ್ತದೆ. ನಿನ್ನ ಗೆಳೆಯ ನಿನ್ನಿಂದ 130 ಡಾಲರಿಗೆ ಏನನ್ನಾದರೂ ಕಸಿದುಕೊಂಡನೇ, ಅಥವಾ ಬೆಂಕಿ ಆರಿಸಿದನೇ? ಆ ಲೆಕ್ಕವನ್ನು ನೀನೇ ಹಾಕು. ಅವನು ತೋರಿಸದೆ ಬಿಟ್ಟಿದ್ದರೆ ಆ ತಪ್ಪು ಪರೀಕ್ಷಕರ ಮುಂದೆ ಹೊರಬೀಳುತ್ತಿತ್ತು. ನಾಲ್ಕು ಜನರ ಎದುರಿಗೆ ಹೇಳಬಾರದಿತ್ತು, ಒಪ್ಪುತ್ತೇನೆ. ಅವನಿಗೂ ನಿನ್ನಷ್ಟೇ ವಯಸ್ಸು, ಮಾತಿನ ಹದ ಇನ್ನೂ ಬಂದಿಲ್ಲ.

ನಿನ್ನ ಜೋಕರನ ಬಗ್ಗೆ ಒಂದೇ ಮಾತು. 1940ರಲ್ಲಿ ಬ್ಯಾಟ್‌ಮ್ಯಾನಿನ ಮೊದಲ ಸಂಚಿಕೆಯಲ್ಲೇ ಅವನನ್ನು ಸಾಯಿಸಿಬಿಡಬೇಕೆಂದಿತ್ತು, ಸಂಪಾದಕರು ಉಳಿಸಿದರು. 1988ರಲ್ಲಿ ಅಲನ್ ಮೂರ್ ಬರೆದು ಬ್ರಯಾನ್ ಬೊಲ್ಯಾಂಡ್ ಚಿತ್ರಿಸಿದ ಪುಸ್ತಕವೊಂದಿದೆ, ನಿನ್ನ ಬಳಿ ಇದೆ, ನೋಡಿದ್ದೇನೆ. ಎಂಥವನನ್ನೂ ಒಂದೇ ದಿನದ ಕೇಡು ಹುಚ್ಚನನ್ನಾಗಿ ಮಾಡಬಲ್ಲದು ಎಂದು ತೋರಿಸಲು ಜೋಕರ್ ಅಲ್ಲಿ ಪೊಲೀಸ್ ಕಮಿಷನರ್ ಗಾರ್ಡನನ ಮಗಳಿಗೆ ಗುಂಡು ಹೊಡೆಯುತ್ತಾನೆ, ಅವನನ್ನು ಹಿಂಸಿಸುತ್ತಾನೆ. ಕನ್ನಡಕದ, ನರೆಮೀಸೆಯ ಗಾರ್ಡನ್ನಿಗೆ ಹಾರಲು ಬರುವುದಿಲ್ಲ, ಮುಖವಾಡವಿಲ್ಲ. ಅವನು ಕುಸಿಯುತ್ತಾನೆ, ಅಳುತ್ತಾನೆ. ಆಮೇಲೆ ಬ್ಯಾಟ್‌ಮ್ಯಾನಿಗೆ ಹೇಳುವುದು, ಜೋಕರನನ್ನು ಕಾನೂನಿನಂತೆಯೇ ಹಿಡಿದು ತಾ ಎಂದು. ನೀನು ಆ ಪುಟಗಳನ್ನು ಸರಸರ ಮಗುಚಿ ಜೋಕರ್ ಇರುವಲ್ಲಿಗೆ ಓಡಿದ್ದೀಯ. ಮೂಲೆ ಮಡಿಸಿದ ಗುರುತೆಲ್ಲ ಜೋಕರನ ಪುಟದಲ್ಲೇ ಇದೆ.

ಟೀ ಶರ್ಟ್ ಹಾಕಿಕೋ, ಬೇಡ ಎನ್ನುವುದಿಲ್ಲ. ನಿನ್ನ ಅಜ್ಜಿಗೂ ಅಭ್ಯಾಸವಾಗುತ್ತದೆ. ಈ ಭಾನುವಾರ ಅವಳು ಒತ್ತುಶಾವಿಗೆ ಮಾಡುತ್ತಾಳಂತೆ, ಒರಳು ಒತ್ತಲು ಎರಡು ಗಟ್ಟಿ ಕೈ ಬೇಕು, ನನ್ನ ಭುಜ ಈಗ ಆಗುವುದಿಲ್ಲ. ಆ ಹುಡುಗನನ್ನೂ ಕರೆದುಕೊಂಡು ಬಾ. ಬರುವಾಗ ಪ್ರಾಜೆಕ್ಟಿನ ಹಾಳೆಯೂ ಇರಲಿ. ಅಟ್ಟದ ಮೇಲಿನ ಟ್ರಂಕಿನಿಂದ ಡೂಮನ ಪುಸ್ತಕ ತೆಗೆಸಿ ಇಟ್ಟಿದ್ದೇನೆ, ಭೂತಗನ್ನಡಿ ಮೇಜಿನ ಖಾನೆಯಲ್ಲಿದೆ.