ಗಿಡ ಗುರುತಿಸುವ ಸ್ಪರ್ಧೆ: ಗೆಲುವಿಗೆ 7 ಸೂತ್ರಗಳು

ಅಮೆರಿಕದಲ್ಲಿ ಎಫ್‌ಎಫ್‌ಎ ಎಂಬ ವಿದ್ಯಾರ್ಥಿ ಸಂಘಟನೆ ನರ್ಸರಿ-ಲ್ಯಾಂಡ್‌ಸ್ಕೇಪ್ ಸ್ಪರ್ಧೆ ನಡೆಸುತ್ತದೆ. ಅಲ್ಲಿ ಗಿಡ ಗುರುತಿಸಬೇಕು, ಕೀಟ-ರೋಗ ಹೇಳಬೇಕು, ಕೈಯಾರೆ ಕೆಲಸ ಮಾಡಿ ತೋರಿಸಬೇಕು. ವರ್ಲ್ಡ್‌ಸ್ಕಿಲ್ಸ್ ಎಂಬ ಅಂತರರಾಷ್ಟ್ರೀಯ ಕೌಶಲ ಸ್ಪರ್ಧೆಯಲ್ಲೂ ಲ್ಯಾಂಡ್‌ಸ್ಕೇಪ್ ಗಾರ್ಡನಿಂಗ್ ಇದೆ. ಇಬ್ಬರ ತಂಡ ಒಂದು ತೋಟವನ್ನೇ ಕಟ್ಟಬೇಕು. ತೋಟಗಾರಿಕೆ ಓದುತ್ತಿದ್ದೀರಾ? ಮೇಜಿನ ಮೇಲಿಟ್ಟ ಮಾದರಿ ನೋಡಿ ಹೆಸರು ಹೇಳುವ ಕಾಲೇಜಿನ ಸ್ಪಾಟರ್ ಟೆಸ್ಟ್‌ನಿಂದಲೇ ತಯಾರಿ ಶುರು ಮಾಡಿ.

1. ಫೋಟೊ ಬಿಡಿ, ಗಿಡ ಮುಟ್ಟಿ.
ಪರೀಕ್ಷೆಯ ಮೇಜಿನ ಮೇಲೆ ಹೂವೇ ಇಲ್ಲದ ರೆಂಬೆ ಇಟ್ಟಿರಬಹುದು. ಎಲೆ ಎದುರುಬದುರಾಗಿದೆಯೇ, ಒಂದು ಬಿಟ್ಟು ಒಂದಿದೆಯೇ? ಸರಳವೇ, ಸಂಯುಕ್ತವೇ? ಇಷ್ಟು ನೋಡಿದರೆ ಅರ್ಧ ಪಟ್ಟಿ ಹೊರಗೆ ಹೋಗುತ್ತದೆ. ಬೆಂಗಳೂರಿನವರಿಗೆ 240 ಎಕರೆಯ ಲಾಲ್‌ಬಾಗ್ ಇದೆ. ಮೊದಲು ಮರ ನೋಡಿ ಹೆಸರು ಬರೆಯಿರಿ, ಆಮೇಲೆ ಬೋರ್ಡ್ ನೋಡಿ.

2. ಒಂದೇ ಥರ ಕಾಣುವ ಗಿಡಗಳನ್ನು ಜೋಡಿಯಾಗಿ ಕಲಿಯಿರಿ.
ಮಾರ್ಕ್ಸ್ ಹೋಗುವುದು ಇಲ್ಲೇ. ನರ್ಸರಿಯಲ್ಲಿ ‘ಅಶೋಕ’ ಅಂತ ಮಾರುವ, ಕಂಬದಂತೆ ನೆಟ್ಟಗೆ ಬೆಳೆಯುವ ಮರ ಪಾಲಿಯಾಲ್ಥಿಯಾ. ಅದರದು ಸರಳ ಎಲೆ, ಅಂಚು ಅಲೆಅಲೆ. ನಿಜವಾದ ಸೀತಾ ಅಶೋಕ ಸರಾಕಾ ಅಸೋಕಾ. ಎಲೆ ಸಂಯುಕ್ತ, ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬಿದ್ದಿರುತ್ತದೆ. ಡ್ರಸೀನಾ, ಕಾರ್ಡಿಲೈನ್ ಗೊಂದಲವೇ? ಕುಂಡದಿಂದ ಬಿಡಿಸಿ ಬೇರು ನೋಡಿ. ಡ್ರಸೀನಾ ಬೇರು ಹಳದಿ-ಕಿತ್ತಳೆ, ಕಾರ್ಡಿಲೈನ್ ಬೇರು ಬಿಳಿ. ಗುಲ್‌ಮೊಹರ್ ಮತ್ತು ಪೆಲ್ಟೊಫೋರಮ್ ಎಲೆ ಹತ್ತಿರಹತ್ತಿರ ಒಂದೇ. ಪೆಲ್ಟೊಫೋರಮ್ಮಿನ ಎಳೆ ಚಿಗುರಿಗೆ ತುಕ್ಕು ಬಣ್ಣದ ಮಖಮಲ್ಲಿನಂಥ ರೋಮ ಇರುತ್ತದೆ. ಇಂಥ ಜೋಡಿಗಳಿಗೇ ಒಂದು ನೋಟ್‌ಬುಕ್ ಇಡಿ.

3. ಸಸ್ಯಶಾಸ್ತ್ರೀಯ ಹೆಸರನ್ನು ಬರೆದು ಕಲಿಯಿರಿ.
ಬಾಯಿಪಾಠ ಮಾಡಿದರೆ ಸ್ಪೆಲಿಂಗ್ ಕೈಕೊಡುತ್ತದೆ. ಹೆಸರುಗಳು ಬದಲಾಗುತ್ತಲೂ ಇರುತ್ತವೆ: ಹೊಂಗೆಯನ್ನು ಪೊಂಗಾಮಿಯಾ ಪಿನ್ನಾಟಾ ಅಂತಲೂ, ಮಿಲೆಟಿಯಾ ಪಿನ್ನಾಟಾ ಅಂತಲೂ ಬರೆಯುತ್ತಾರೆ. ಆಯೋಜಕರ ಪಟ್ಟಿಯಲ್ಲಿ ಯಾವುದಿದೆಯೋ ಅದನ್ನೇ ಬರೆಯಿರಿ.

4. ಹಳದಿ ಎಲ್ಲಿಂದ ಶುರುವಾಗಿದೆ, ಗಮನಿಸಿ.
ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನು ಅನುಮಾನಿಸಿ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಕಬ್ಬಿಣ. ಕೀಟ ಹುಡುಕುವಾಗ ಎಲೆಯನ್ನು ತಿರುಗಿಸಿ ನೋಡಿ. ಹಿಟ್ಟು ತಿಗಣೆ ಹೆಚ್ಚಾಗಿ ಅಡಿಭಾಗದಲ್ಲೂ ಕಾಂಡದ ಸಂದಿಯಲ್ಲೂ ಅಡಗಿರುತ್ತದೆ.

5. ಲೆಕ್ಕಕ್ಕೆ ಹೆದರಬೇಡಿ.
30 ಮೀಟರ್ ಬೇಲಿ, 30 ಸೆಂಟಿಮೀಟರ್ ಅಂತರ. ಎಷ್ಟು ಗಿಡ ಬೇಕು? 100 ಅಲ್ಲ, 101. ಎರಡೂ ತುದಿಗೆ ಗಿಡ ಬೇಕಲ್ಲ! 10 ಮೀಟರ್ ಉದ್ದ, 5 ಮೀಟರ್ ಅಗಲದ ಪಾತಿಗೆ 5 ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹಾಕಲು 2.5 ಘನ ಮೀಟರ್ ಬೇಕು. ದಿನಕ್ಕೊಂದು ಇಂಥ ಲೆಕ್ಕ ಬಿಡಿಸಿ. ಮುಂದೆ ಕೊಟೇಶನ್ ಬರೆಯುವಾಗಲೂ ಇದೇ ಕೆಲಸಕ್ಕೆ ಬರುತ್ತದೆ.

6. ರಜೆಯಲ್ಲಿ ನರ್ಸರಿಗೆ ಸೇರಿ.
ಕಸಿ ಕಟ್ಟುವವರ ಪಕ್ಕ ಕೂತು ನೋಡಿ, ಆಮೇಲೆ ನೀವೇ ಕಟ್ಟಿ. ಚಾಕು ಎಷ್ಟು ಹರಿತವಿರಬೇಕು, ಪ್ಲಾಸ್ಟಿಕ್ ಪಟ್ಟಿ ಎಷ್ಟು ಬಿಗಿಯಬೇಕು ಅನ್ನುವುದು ಕೈಗೆ ಗೊತ್ತಾಗಬೇಕು. ತೀರ್ಪುಗಾರರು ನೋಡುವುದೂ ನಿಮ್ಮ ಕೈಯನ್ನೇ.

7. ‘ನನಗೆ ಹೆಸರು ನೆನಪಿರಲ್ಲ’ ಅನ್ನುವುದನ್ನು ಇಂದೇ ಬಿಡಿ.
ಅದು ಬರೀ ಅಭ್ಯಾಸ, ಬದಲಾಯಿಸಬಹುದು. ದಿನಕ್ಕೆ 5 ಗಿಡ ಕಲಿಯಿರಿ. ಮರುದಿನ ಗೆಳೆಯರ ಕೈಲಿ ಪ್ರಶ್ನೆ ಕೇಳಿಸಿಕೊಳ್ಳಿ. ತಪ್ಪಿದ್ದನ್ನು ಮಾತ್ರ ವಾರದ ಕೊನೆಗೆ ಮತ್ತೆ ನೋಡಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಜನವರಿ ಮತ್ತು ಆಗಸ್ಟ್‌ನಲ್ಲಿ ನಡೆಯುತ್ತದೆ. ಈ ಸಲ ಸೆಲ್ಫಿಗಿಂತ ಮೊದಲು ನೋಟ್‌ಬುಕ್ ತೆಗೆಯಿರಿ.