ಕಪ್ಪು ಕೂದಲು ಬೆಳ್ಳಿಯಾಗುವ ಬಗೆ

ಚಿಗರಿ ಬಸ್ಸುಗಳು ಓಡಾಡುವ ಹುಬ್ಬಳ್ಳಿ–ಧಾರವಾಡ ರಸ್ತೆಯ ಮಗ್ಗುಲಲ್ಲಿ ಬೈರಿದೇವರಕೊಪ್ಪವಿದೆ. ಅಲ್ಲಿಂದ ನಮ್ಮ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನಿಗೆ ಕಾಲೇಜಿನ ಗ್ಯಾದರಿಂಗಿನ ನಾಟಕದಲ್ಲಿ ಅಜ್ಜನ ಪಾತ್ರ ದೊರಕಿತು. ಪಾತ್ರವು ಸಹಜವಾಗಿ ಕಾಣಬೇಕೆಂಬ ಉತ್ಸಾಹದಿಂದ ಆತನು ತನ್ನ ಕಪ್ಪು ಕೂದಲನ್ನು ಮನೆಯಲ್ಲಿಯೇ ಬೆಳ್ಳಿಯ ಬಣ್ಣಕ್ಕೆ ತಿರುಗಿಸಲು ಹೊರಟನು. ಪೇಟೆಯಿಂದ ಬಿಳುಪುಕಾರಕ ಪುಡಿಯನ್ನೂ ಅದರ ದ್ರಾವಣವನ್ನೂ ತಂದು, ಕಲಸಿ, ತಲೆಗೆ ಬಳಿದುಕೊಂಡು ಕುಳಿತನು. ಒಂದು ಗಂಟೆಯ ಬಳಿಕ ತೊಳೆದು ನೋಡಿದರೆ ಕೂದಲು ಬೆಳ್ಳಿಯಾಗಿರಲಿಲ್ಲ, ತಾಮ್ರದ ಕೊಡದಂತೆ ಕೆಂಪಗಾಗಿತ್ತು! ಛಲ ಬಿಡದೆ ಅದೇ ದಿನ ಮತ್ತೊಮ್ಮೆ ಬಳಿದುಕೊಂಡನು. ಈ ಸಲ ನೆತ್ತಿಯ ಚರ್ಮ ಸುಟ್ಟು ಗುಳ್ಳೆಗಳೆದ್ದವು. ಬಾಚಿದಲ್ಲೆಲ್ಲ ಕೂದಲು ತುಂಡಾಗಿ ಕೈಗೆ ಬಂದಿತು. ನಾಟಕದ ದಿನ ಆತನು ರಂಗದ ಮೇಲಿರಲಿಲ್ಲ, ವೈದ್ಯರ ಬಳಿಯಲ್ಲಿದ್ದನು.

"ಬಣ್ಣ ಹಚ್ಚಿದರೆ ಬಣ್ಣ ಬರಬೇಕಲ್ಲವೆ? ಬೆಳ್ಳಿ ಏಕೆ ಬರಲಿಲ್ಲ?" ಎಂದು ಆತನು ಆಮೇಲೆ ನಮ್ಮನ್ನು ಕೇಳಿದನು. ಪ್ರಶ್ನೆಯು ನ್ಯಾಯವಾದುದು. ಅದರ ಉತ್ತರದಲ್ಲಿ ಬೆಳಕಿನ ಶಾಸ್ತ್ರದ ಕೆಲವು ಮೂಲತತ್ತ್ವಗಳು ಅಡಗಿರುವುದರಿಂದ ಅದನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ನರೆಗೂದಲಿನಲ್ಲಿ ಬಿಳಿಯ ಬಣ್ಣವಿಲ್ಲ

ನಮ್ಮ ಕೂದಲಿನ ಒಂದು ಎಳೆಯ ದಪ್ಪವು ಸುಮಾರು 0.08 ಮಿಲಿಮೀಟರು. ಅದರ ಹೊರಗೆ ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಪಾರದರ್ಶಕ ಪೊರೆಗಳಿವೆ. ಒಳಗಿನ ತಿರುಳು ಕೆರಟಿನ್ ಎಂಬ ಪ್ರೋಟೀನಿನಿಂದಾದುದು. ಈ ತಿರುಳಿನಲ್ಲಿ ಮೆಲನಿನ್ ಎಂಬ ವರ್ಣದ್ರವ್ಯದ ಸೂಕ್ಷ್ಮ ಕಣಗಳು ಹರಡಿಕೊಂಡಿರುತ್ತವೆ. ತೂಕದಲ್ಲಿ ಅವು ಕೂದಲಿನ ಅತ್ಯಲ್ಪ ಭಾಗ ಮಾತ್ರ. ಆದರೂ ಒಳಹೊಕ್ಕ ಬೆಳಕನ್ನೆಲ್ಲ ಅವು ಹೀರಿಬಿಡುವುದರಿಂದ ಕೂದಲು ಕಪ್ಪಾಗಿ ಕಾಣುತ್ತದೆ.

ವಯಸ್ಸಾದಂತೆ ಕೂದಲಿನ ಬುಡದಲ್ಲಿ ಮೆಲನಿನ್ ತಯಾರಿಸುವ ಕೋಶಗಳು ಕೆಲಸ ನಿಲ್ಲಿಸುತ್ತವೆ. ಆಗ ಬೆಳೆಯುವ ಎಳೆಯಲ್ಲಿ ಬಿಳಿಯ ಬಣ್ಣವು ಬಂದು ಸೇರುವುದಿಲ್ಲ, ಕಪ್ಪು ಇಲ್ಲದಂತಾಗುತ್ತದೆ ಅಷ್ಟೆ. ಗಾಜು ಪಾರದರ್ಶಕ, ಅದರ ಪುಡಿ ಬಿಳಿ. ನೀರು ಪಾರದರ್ಶಕ, ಅದರ ನೊರೆ ಬಿಳಿ. ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ಚದರಿಸಿ ಹಿಂದಿರುಗಿಸುವ ವಸ್ತುವು ನಮ್ಮ ಕಣ್ಣಿಗೆ ಬಿಳಿಯೆನಿಸುತ್ತದೆ. ನರೆಗೂದಲಿನ ಬಿಳುಪೂ ಇದೇ ಜಾತಿಯದು.

ಇನ್ನು ಬೆಳ್ಳಿಯ ಹೊಳಪು ಎಲ್ಲಿಂದ ಬರುತ್ತದೆ? ಕೆರಟಿನಿನ ವಕ್ರೀಭವನಾಂಕವು ಸುಮಾರು 1.55. ಎರಡು ಮಾಧ್ಯಮಗಳ ಅಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ, ನೇರವಾಗಿ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಪ್ರತಿಫಲಿಸುವುದೆಂದು ತಿಳಿಯುತ್ತದೆ. ಗಾಳಿಯ ಅಂಕವನ್ನು 1 ಎಂದು ಹಿಡಿದರೆ, 0.55ನ್ನು 2.55ರಿಂದ ಭಾಗಿಸಿ ವರ್ಗ ಮಾಡಲಾಗಿ ಸುಮಾರು ಶೇಕಡಾ 4.7 ದೊರೆಯುತ್ತದೆ. ಈ ಪ್ರತಿಫಲನವು ಮೇಲ್ಮೈಯಲ್ಲೇ ನಡೆಯುವುದರಿಂದ ಅದಕ್ಕೆ ವರ್ಣದ್ರವ್ಯದ ಸೋಂಕಿಲ್ಲ. ಕಪ್ಪು ಕೂದಲಿನ ಮಿಂಚೂ ಬಿಳಿಯಾಗಿಯೇ ಇರುವುದು ಇದರಿಂದಲೇ. ನರೆಗೂದಲಿನಲ್ಲಿ ಒಳಗಿನ ಬಿಳುಪಿನ ಮೇಲೆ ಈ ಮಿಂಚು ಕೂಡಿ ಬೆಳ್ಳಿಯ ಭಾವನೆ ಹುಟ್ಟುತ್ತದೆ. ಪೊರೆಗಳು ಕಿತ್ತುಹೋದ ಕೂದಲಿಗೆ ಈ ಮಿಂಚಿಲ್ಲ. ಅದು ಬೂದಿಯಂತೆ ಮಂಕಾಗಿರುತ್ತದೆ.

ಬಣ್ಣವು ಕಳೆಯಬಲ್ಲದು, ಕೂಡಲಾರದು

ನಮ್ಮ ವಿದ್ಯಾರ್ಥಿಯ ತಪ್ಪು ತಿಳಿವಳಿಕೆಯ ಮೂಲ ಇಲ್ಲಿದೆ. ಕೂದಲಿನ ಒಳಗೆ ಇಳಿಯುವ ಯಾವ ಬಣ್ಣವೂ ತನ್ನದೆಂಬ ಬೆಳಕನ್ನು ಕೊಡುವುದಿಲ್ಲ. ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಹೀರಿಕೊಂಡು ಉಳಿದುದನ್ನು ಬಿಟ್ಟುಕೊಡುತ್ತದೆ. ಹೀಗಾಗಿ ಬಣ್ಣ ಹಚ್ಚುವುದೆಂದರೆ ಬೆಳಕಿನ ವ್ಯವಕಲನ. ಕಪ್ಪು ಕೂದಲಿನಿಂದ ಹೊರಬರುವ ಬೆಳಕು ಮೊದಲೇ ಅತ್ಯಲ್ಪವಾಗಿರುವಾಗ ಅದರಿಂದ ಮತ್ತೂ ಕಳೆದರೆ ಬೆಳ್ಳಿ ಬರುವುದೆಂತು? ಆದುದರಿಂದ ಮೊದಲು ಮೆಲನಿನನ್ನು ನಾಶಪಡಿಸಲೇಬೇಕಾಗುತ್ತದೆ.

ಈ ನಾಶದ ಕೆಲಸಕ್ಕೆ ಬಳಸುವುದು ಜಲಜನಕದ ಪೆರಾಕ್ಸೈಡು. ಇದನ್ನು 1818ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ತೆನಾರ್ ಕಂಡುಹಿಡಿದನು. ಕೂದಲನ್ನು ತಿಳಿಯಾಗಿಸಲು ಅದು ಉಪಯೋಗಕ್ಕೆ ಬಂದುದು ಅದೇ ಶತಮಾನದ ಉತ್ತರಾರ್ಧದಲ್ಲಿ. ಸೀಸೆಗಳ ಮೇಲೆ '10 ವಾಲ್ಯೂಮ್', '20 ವಾಲ್ಯೂಮ್' ಎಂದು ಬರೆದಿರುವುದರ ಅರ್ಥವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಶೇಕಡಾ 3ರ ಒಂದು ಲೀಟರು ದ್ರಾವಣದಲ್ಲಿ 30 ಗ್ರಾಂ ಪೆರಾಕ್ಸೈಡು ಇದೆ. ಅದರ ಅಣುತೂಕ 34 ಆದುದರಿಂದ ಇದು 0.88 ಮೋಲು. ಎರಡು ಅಣುಗಳು ಒಡೆದಾಗ ಒಂದು ಅಣು ಆಮ್ಲಜನಕ ಬಿಡುಗಡೆಯಾಗುವುದರಿಂದ ದೊರೆಯುವ ಆಮ್ಲಜನಕ 0.44 ಮೋಲು, ಎಂದರೆ ಸುಮಾರು 9.9 ಲೀಟರು. ಒಂದು ಲೀಟರು ದ್ರಾವಣವು ಹತ್ತು ಲೀಟರು ಆಮ್ಲಜನಕವನ್ನು ಕೊಡುವುದರಿಂದ ಅದು '10 ವಾಲ್ಯೂಮ್'. ಹಾಗೆಯೇ 20 ವಾಲ್ಯೂಮ್ ಎಂದರೆ ಶೇಕಡಾ 6, 40 ವಾಲ್ಯೂಮ್ ಎಂದರೆ ಶೇಕಡಾ 12.

ಪುಡಿಯಲ್ಲಿರುವ ಪರ್‌ಸಲ್ಫೇಟು ಲವಣಗಳು ಪೆರಾಕ್ಸೈಡಿನ ಬಿಳುಪುಕಾರಕ ಶಕ್ತಿಯನ್ನು ಹೆಚ್ಚಿಸುತ್ತವೆ. ಕ್ಷಾರಗಳು ಹೊರಪೊರೆಯ ಹೆಂಚುಗಳನ್ನು ಎತ್ತಿ ದ್ರಾವಣಕ್ಕೆ ಒಳದಾರಿ ಮಾಡಿಕೊಡುತ್ತವೆ. ಆದರೆ ಈ ಮಿಶ್ರಣಕ್ಕೆ ಮೆಲನಿನ್ ಯಾವುದು, ಕೆರಟಿನ್ ಯಾವುದು ಎಂಬ ವಿವೇಚನೆಯಿಲ್ಲ. ಕೆರಟಿನಿನ ಸರಪಳಿಗಳನ್ನು ಒಂದಕ್ಕೊಂದು ಬೆಸೆದು ಕೂದಲಿಗೆ ಬಲ ಕೊಟ್ಟಿರುವ ಗಂಧಕದ ಬಂಧಗಳನ್ನೂ ಅದು ಕತ್ತರಿಸುತ್ತದೆ. ಆತನ ಕೂದಲು ಬಾಚಣಿಗೆಗೆ ತುಂಡಾದುದು ಇದರಿಂದ.

ತಾಮ್ರದ ಬಣ್ಣ ಏಕೆ ಬಂದಿತು?

ಮೆಲನಿನ್ ಎಲ್ಲ ಬಣ್ಣಗಳನ್ನೂ ಹೀರುತ್ತದೆಯಾದರೂ ನೀಲಿಯನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಹೀರುತ್ತದೆ. ಮೆಲನಿನ್ ಕಡಿಮೆಯಾಗುತ್ತ ಬಂದಂತೆ ಮೊದಲು ಕೆಂಪು ಬೆಳಕು ಹೊರಬರುತ್ತದೆ, ಆಮೇಲೆ ಹಸಿರು, ಕಟ್ಟಕಡೆಗೆ ನೀಲಿ. ಆದ್ದರಿಂದ ಕಪ್ಪು ಕೂದಲು ಕಂದುಗೆಂಪು, ಕಿತ್ತಳೆ, ಹಳದಿ ಎಂಬ ಮೆಟ್ಟಿಲುಗಳನ್ನು ಇಳಿದು, ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿಹಳದಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಬೆಳ್ಳಿಗೆ ಹೋಗಲು ಹಳದಿಗೆ ಎದುರಾದ ನೇರಿಳೆ ಬಣ್ಣವನ್ನು ಲಘುವಾಗಿ ಹಚ್ಚಬೇಕು.

ಇದು ನಮಗೆ ಹೊಸದಲ್ಲ. ಬಿಳಿಯ ಧೋತರ ಹಳೆಯದಾಗಿ ಹಳದಿಗಟ್ಟಿದಾಗ ನಮ್ಮ ತಾಯಂದಿರು ನೀರಿಗೆ ಒಂದೆರಡು ಹನಿ ನೀಲಿ ಹಾಕಿ ಅದ್ದುವುದಿಲ್ಲವೆ? ನೀಲಿಯು ಹೆಚ್ಚಾಗಿದ್ದ ಕೆಂಪು-ಹಳದಿ ಬೆಳಕನ್ನು ಹೀರಿ ಎಲ್ಲ ಬಣ್ಣಗಳನ್ನೂ ಸಮಮಟ್ಟಕ್ಕೆ ತರುತ್ತದೆ. ಮೊದಲು ಬಿಳುಪು, ಬಳಿಕ ಬಣ್ಣ ಎಂಬ ಕ್ರಮವನ್ನೂ ನಮ್ಮ ಊರಿನಲ್ಲಿಯೇ ಕಾಣಬಹುದು. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವನ್ನು ತಯಾರಿಸುತ್ತದೆ. ಅಲ್ಲಿ ಖಾದಿ ಬಟ್ಟೆಯನ್ನು ಬಿಳುಪುಗೊಳಿಸಿ, ಒಂದು ಪಾಲಿಗೆ ಕೇಸರಿ, ಒಂದು ಪಾಲಿಗೆ ಹಸಿರು ಕೊಟ್ಟು, ಇನ್ನೊಂದನ್ನು ಬಿಳಿಯಾಗಿಯೇ ಉಳಿಸುತ್ತಾರೆ. ಹತ್ತಿಯು ಹುಟ್ಟಿನಿಂದಲೇ ತಿಳಿಬಣ್ಣದ್ದು, ಅದರ ಬಿಳುಪಿಗೆ ಹೆಚ್ಚು ಹಾದಿಯಿಲ್ಲ. ಮೇಲಾಗಿ ಬಟ್ಟೆಯ ಕೆಳಗೆ ನೋಯುವ ಚರ್ಮವಿಲ್ಲ.

ಈಗ ಒಂದು ಲೆಕ್ಕವನ್ನು ನೋಡೋಣ. ವಿಚಾರದ ಸೌಕರ್ಯಕ್ಕಾಗಿ, ತಿಳಿಹಳದಿ ಕೂದಲು ನೂರಕ್ಕೆ ಕೆಂಪು 75, ಹಸಿರು 65, ನೀಲಿ 45ರಷ್ಟು ಬೆಳಕನ್ನು ಹಿಂದಿರುಗಿಸುವುದೆಂದು ಇಟ್ಟುಕೊಳ್ಳೋಣ. ಮೂರನ್ನೂ ಸಮ ಮಾಡಲು ಕೆಂಪು ಹಸಿರುಗಳನ್ನು 45ಕ್ಕೆ ಇಳಿಸಬೇಕು. ಫಲವಾಗಿ ತಿಳಿಯಾದ ಬೂದುಬಣ್ಣ, ಎಂದರೆ ಬೆಳ್ಳಿ, ದೊರೆಯುತ್ತದೆ. ತಾಮ್ರದ ಬಣ್ಣದ ಕೂದಲಿನಲ್ಲಿ ಕೆಂಪು 45, ಹಸಿರು 20, ನೀಲಿ 8 ಇರಲಿ. ಇಲ್ಲಿಯೂ ಸಮ ಮಾಡಬಹುದು, ಆದರೆ 8ರ ಮಟ್ಟದಲ್ಲಿ ಮಾತ್ರ. 8 ಎಂದರೆ ಮತ್ತೆ ಹೆಚ್ಚು ಕಡಿಮೆ ಕಪ್ಪೇ! ಅರ್ಧದಾರಿಯಲ್ಲಿ ನಿಂತವನಿಗೆ ಯಾವ ನೇರಿಳೆಯೂ ಬೆಳ್ಳಿಯನ್ನು ಕೊಡಲಾರದು. ಕಡು ಕಪ್ಪು ಕೂದಲನ್ನು ತಿಳಿಹಳದಿಯವರೆಗೆ ಒಂದೇ ದಿನದಲ್ಲಿ ಇಳಿಸಹೊರಟರೆ ಹಳದಿಗೆ ಮೊದಲೇ ಕೂದಲಿನ ಬಲ ಮುಗಿದುಹೋಗಬಹುದು.

ಕಬ್ಬಿಣದ ಬಾಣಲೆಯ ಪಾಲು

ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿದುಬಂದಿತು. ಹಿಂದಿನ ತಿಂಗಳಷ್ಟೇ ಆತನು ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯೆಲ್ಲ ನೆನೆಸಿದ ಮದರಂಗಿಯನ್ನು ತಲೆಗೆ ಹಚ್ಚಿಕೊಂಡಿದ್ದನು. ಕಬ್ಬಿಣ, ತಾಮ್ರಗಳ ಲವಣಗಳು ಪೆರಾಕ್ಸೈಡಿನ ವಿಭಜನೆಯನ್ನು ವೇಗಗೊಳಿಸುವ ಪ್ರೇರಕಗಳು, ಮತ್ತು ಆ ವಿಭಜನೆಯು ಶಾಖವನ್ನು ಹೊರಸೂಸುವ ಕ್ರಿಯೆ. ತಲೆಯ ಮೇಲಿನ ಲೇಪವು ಬಿಸಿಯಾದುದರಲ್ಲಿ ಇದರ ಪಾಲೂ ಇದ್ದಿರಬಹುದು. ಆದುದರಿಂದಲೇ ಇಂಥ ಮಿಶ್ರಣವನ್ನು ಲೋಹದ ಪಾತ್ರೆಯಲ್ಲಿ ಕಲಸಬಾರದು, ಲೋಹಲವಣ ತಗಲಿದ ಕೂದಲಿಗೆ ಹಚ್ಚಬಾರದು, ಮುಚ್ಚಿದ ಸೀಸೆಯಲ್ಲಿ ಇಡಲೂಬಾರದು. ಉರಿ ಆರಂಭವಾದೊಡನೆ ಧಾರಾಳವಾಗಿ ತಣ್ಣೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು. ಉರಿಯನ್ನು ತಾಳಿಕೊಂಡು ಕುಳಿತರೆ ಬಣ್ಣ ಚೆನ್ನಾಗಿ ಬರುವುದೆಂಬುದು ಅಪಾಯಕರವಾದ ಭ್ರಾಂತಿ.

ರಂಗಭೂಮಿಯ ಉಪಾಯ

ಹಾಗಾದರೆ ಅಜ್ಜನ ಪಾತ್ರಕ್ಕೆ ಗತಿಯೇನು? ನಮ್ಮ ಭಾಗದ ವೃತ್ತಿ ನಾಟಕ ಕಂಪನಿಗಳಲ್ಲಿ ಎಷ್ಟೋ ತರುಣ ನಟರು ಮುದುಕರ ಪಾತ್ರ ಮಾಡುತ್ತಿದ್ದರು. ಬಾಲ್ಯದಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ, ಮುಂದೆ ಬಸವೇಶ್ವರನ ಪಾತ್ರದಿಂದ ಹೆಸರಾದ ಏಣಗಿ ಬಾಳಪ್ಪನವರಂಥ (1914–2017) ನಟರ ಪರಂಪರೆಯಲ್ಲಿ ವೇಷವೆಂಬುದು ಸಂಜೆ ಏರಿ ಬೆಳಗಿಗೆ ಇಳಿಯಬೇಕಾದ ವಸ್ತು. ಅಲ್ಲಿ ಕೂದಲಿನ ಒಳಗಿನ ಕಪ್ಪನ್ನು ಕೆಡಿಸುವ ಗೋಜಿಲ್ಲ. ಕೂದಲಿನ ಮೇಲೆಯೇ ಬೆಳಕನ್ನು ಚದರಿಸುವ ಬಿಳಿಯ ಪುಡಿಯನ್ನು ಕೂರಿಸಿದರೆ ಸಾಕು.

ಯಾವ ಪುಡಿ ಎಂಬುದನ್ನೂ ವಕ್ರೀಭವನಾಂಕವೇ ಹೇಳುತ್ತದೆ. ಸುಣ್ಣಕಲ್ಲಿನ ಪುಡಿಯ ಅಂಕ ಸುಮಾರು 1.6, ಕೊಬ್ಬರಿ ಎಣ್ಣೆಯದು 1.45. ಎಣ್ಣೆ ಹಚ್ಚಿದ ತಲೆಯಲ್ಲಿ ಈ ಪುಡಿಯ ಪ್ರತಿಯೊಂದು ಮೈಯಿಂದ ಪ್ರತಿಫಲಿಸುವ ಬೆಳಕು ಶೇಕಡಾ 0.24 ಮಾತ್ರ. ಪುಡಿಯು ಕಾಣದಂತೆಯೇ ಆಗುತ್ತದೆ. ಸತುವಿನ ಆಕ್ಸೈಡಿನ ಅಂಕ 2.0, ಆದುದರಿಂದ ಅದೇ ಎಣ್ಣೆಯಲ್ಲಿ ಅದು ಶೇಕಡಾ 2.5ರಷ್ಟನ್ನು, ಎಂದರೆ ಹತ್ತು ಪಟ್ಟು ಹೆಚ್ಚು ಬೆಳಕನ್ನು, ಹಿಂದಿರುಗಿಸುತ್ತದೆ. ಸೌಂದರ್ಯಸಾಧನಕ್ಕೆಂದೇ ಶುದ್ಧಿಗೊಳಿಸಿದ ಸತುವಿನ ಆಕ್ಸೈಡನ್ನು ಲೇಪದ ರೂಪದಲ್ಲಿ ಕೊಳ್ಳಬೇಕು. ಗೋಡೆಗೆ ಬಳಿಯುವ ಬಿಳಿಬಣ್ಣದಲ್ಲಿ ಸೀಸವಿರುವ ಭಯವುಂಟು. ಒಣಪುಡಿಯನ್ನು ಉದುರಿಸಿದರೆ ಅದು ಉಸಿರಿನೊಡನೆ ಒಳಸೇರುತ್ತದೆ.

ಮತ್ತೊಂದು ಸೂಕ್ಷ್ಮವಿದೆ. ಅಜ್ಜನ ತಲೆ ದೂರದಿಂದ ಬೂದಾಗಿ ಕಂಡರೂ ಹತ್ತಿರದಿಂದ ನೋಡಿದರೆ ಬೂದುಬಣ್ಣದ ಎಳೆಗಳು ವಿರಳ. ಕರಿಯ ಎಳೆಗಳೂ ಬಿಳಿಯ ಎಳೆಗಳೂ ಬೆರೆತಿರುತ್ತವೆ. ಕಣ್ಣು ಅವುಗಳನ್ನು ಬೇರ್ಪಡಿಸಲಾರದೆ ಸರಾಸರಿಯನ್ನು ಕಾಣುತ್ತದೆ. ಆದುದರಿಂದ ತಲೆಯನ್ನೆಲ್ಲ ಮೆತ್ತದೆ ಅಲ್ಲಲ್ಲಿ ಎಳೆಗಳಿಗೆ ಮಾತ್ರ ಸವರಿದರೆ ನರೆ ಹೆಚ್ಚು ಸಹಜವಾಗಿ ತೋರುತ್ತದೆ.

ಮರುವರ್ಷ ಅದೇ ಪಾತ್ರ ಮತ್ತೆ ಅದೇ ವಿದ್ಯಾರ್ಥಿಗೆ ಬಂದಿತು. ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಅಷ್ಟರಲ್ಲಿ ಆತನ ಕೂದಲು ಮತ್ತೆ ಕಪ್ಪಗೆ ಬೆಳೆದಿತ್ತು. ಕಪೋಲದ ಬದಿಗೂ ಮೀಸೆಗೂ ಸ್ವಲ್ಪ ಸತುವಿನ ಲೇಪ ಸವರಿ, ಉಳಿದ ತಲೆಗೆ ರುಮಾಲು ಸುತ್ತಿ ಆತನು ರಂಗವನ್ನೇರಿದನು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವನ ಸ್ವಂತ ಅಜ್ಜನೇ ಕ್ಷಣಕಾಲ ಗುರುತು ಹಿಡಿಯಲಿಲ್ಲ. ನಾಟಕ ಮುಗಿದ ಮೇಲೆ ಸಾಬೂನು ನೀರಿಗೆ ಎಲ್ಲವೂ ಬಿಟ್ಟುಹೋಯಿತು.

ವಿದ್ಯಾರ್ಥಿಗಳ ಅಭ್ಯಾಸಕ್ಕೆ ಎರಡು ಪ್ರಶ್ನೆಗಳು: (1) ನೀರಿನ ವಕ್ರೀಭವನಾಂಕ 1.33. ನೀರಿನಲ್ಲಿ ಮುಳುಗಿದ ಕೂದಲಿನ ಮೇಲ್ಮೈ ಎಷ್ಟು ಪಾಲು ಬೆಳಕನ್ನು ಪ್ರತಿಫಲಿಸುತ್ತದೆ? ಗಾಳಿಯಲ್ಲಿರುವಾಗಿನ ಪಾಲಿನೊಡನೆ ಹೋಲಿಸಿರಿ. (2) ಅರಿಸಿನದ ಕಲೆ ಬಿದ್ದ ಬಿಳಿಯ ಅಂಗಿಗೆ ನೀಲಿಯನ್ನು ಹೆಚ್ಚು ಹೆಚ್ಚು ಹಾಕಿದಂತೆ ಅದು ಬಿಳುಪಾಗದೆ ಮಂಕಾಗುವುದೇಕೆ?